ಪದ ಪರಿಚಯ: ತೇಲುಕಸ ಎತ್ತುವ ಸೌರ ರೋಬಾಟ್

ನದಿ, ಕೆರೆ, ಬಂದರುಗಳ ನೀರಿನ ಮೇಲೆ ತೇಲುವ ಕಸವನ್ನು ಡೀಸೆಲ್ ಸುಡದೆ, ಬಿಸಿಲಿನಿಂದಲೋ ನೀರಿನ ಹರಿವಿನಿಂದಲೋ ಪಡೆದ ಶಕ್ತಿಯಿಂದ ಒಟ್ಟುಗೂಡಿಸಿ ಎತ್ತುವ ಯಂತ್ರವನ್ನು ‘ನವೀಕರಿಸಬಹುದಾದ ಇಂಧನದ ರೋಬಾಟ್’ ಎನ್ನುವುದುಂಟು. ಈ ಹೆಸರಿನಲ್ಲಿ ಎರಡು ಪದಗಳು ಸಡಿಲವಾಗಿವೆ. ಸಂಸ್ಕೃತದಲ್ಲಿ ‘ಇಂಧನ’ವೆಂದರೆ ಉರಿಸುವ ಸೌದೆ, ಬಿಸಿಲನ್ನು ಯಾರೂ ಒಲೆಗೆ ಇಡುವುದಿಲ್ಲವಾದ್ದರಿಂದ ‘ಶಕ್ತಿ’ ಎಂಬುದೇ ಸರಿ. ‘ರೋಬಾಟ್’ ಝೆಕ್ ಭಾಷೆಯಲ್ಲಿ ಬಿಟ್ಟಿ ಚಾಕರಿ ಎಂಬರ್ಥದ ಪದದಿಂದ ಹುಟ್ಟಿದ್ದು. ದಡದಲ್ಲಿ ನಿಂತವರು ರಿಮೋಟ್ ಹಿಡಿದು ನಡೆಸುವ ದೋಣಿಗೂ ಈ ಹೆಸರು ಅಂಟಿಕೊಂಡಿದೆಯಾದರೂ, ಕ್ಯಾಮೆರಾ, ಜಿಪಿಎಸ್‌ಗಳ ನೆರವಿನಿಂದ ತನ್ನ ದಾರಿಯನ್ನು ತಾನೇ ಹಿಡಿಯುವುದಕ್ಕೆ ಮಾತ್ರ ಅದು ಒಪ್ಪುತ್ತದೆ.

ರಚನೆ ಸರಳ. ತೇಲುವ ಎರಡು ಕೊಳವೆಗಳ ನಡುವೆ ಬಾಯಿ ತೆರೆದ ಜಾಲರಿಬುಟ್ಟಿ ಅಥವಾ ಕಸವನ್ನು ಮೇಲಕ್ಕೆಳೆಯುವ ಬೆಲ್ಟು, ಮೇಲೆ ಸೌರ ಫಲಕ, ಒಳಗೆ ಬ್ಯಾಟರಿ. ಒಂದು ಚದರ ಮೀಟರ್ ಫಲಕ ಉರಿಬಿಸಿಲಿನಲ್ಲಿ ಸುಮಾರು 200 ವ್ಯಾಟ್ ಕೊಡುತ್ತದೆ, ದಟ್ಟ ಮೋಡವಿದ್ದರೆ ಅದರ ಸಣ್ಣ ಪಾಲನ್ನಷ್ಟೇ.

ಮಂಗಳೂರಿನ ಮಟ್ಟಿಗೆ ತೊಡಕಿರುವುದು ಇಲ್ಲಿಯೇ. ನೇತ್ರಾವತಿ ಮತ್ತು ಫಲ್ಗುಣಿ ಸೇರುವ ಅಳಿವೆಗೆ ಬಾಟಲಿ, ಚಪ್ಪಲಿ, ಬೊಂಡದ (ಎಳನೀರಿನ) ಚಿಪ್ಪು, ಮೀನುಪೆಟ್ಟಿಗೆಯಿಂದ ಕಳಚಿದ ಥರ್ಮೋಕೋಲ್ ಎಲ್ಲವೂ ರಾಶಿಯಾಗಿ ಬರುವುದು ಜೂನ್, ಜುಲೈ ತಿಂಗಳ ನೆರೆಯಲ್ಲಿ. ಬಿಸಿಲು ತೀರಾ ಕಡಿಮೆಯಿರುವುದೂ ಆಗಲೇ. ಮಾರ್ಚ್ ತಿಂಗಳ ಬಿಸಿಲಿಗೆ ಲೆಕ್ಕ ಹಾಕಿದ ಫಲಕ ತುಳುನಾಡಿನ ಆಟಿ ತಿಂಗಳ ಮಳೆಗೆ ಸಾಲದು. ಸಾಲುವಷ್ಟು ಬ್ಯಾಟರಿ ಹೇರಿದರೂ ಕೆಂಪು ನೀರಿನ ಸೆಳೆತಕ್ಕೆ ಎದುರು ನಿಲ್ಲುವ ಕಸುವು ಸಣ್ಣ ಮೋಟರಿಗಿಲ್ಲ.

ಈ ದೃಷ್ಟಿಯಿಂದ ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 2014ರಲ್ಲಿ ನೆಲೆಗೊಂಡ ‘ಮಿಸ್ಟರ್ ಟ್ರ್ಯಾಶ್ ವೀಲ್’ ಗಮನಾರ್ಹವಾದುದು. ಅಲ್ಲಿ ಹೊಳೆಯ ಹರಿವೇ ದೊಡ್ಡ ಚಕ್ರವನ್ನು ತಿರುಗಿಸಿ ಬೆಲ್ಟನ್ನು ಓಡಿಸುತ್ತದೆ. ಹರಿವು ಕುಗ್ಗಿದಾಗ ಮಾತ್ರ ಸೌರಶಕ್ತಿಯ ಪಂಪು ಚಕ್ರದ ಮೇಲೆ ನೀರು ಸುರಿಯುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಇದು ರೋಬಾಟ್ ಅಲ್ಲವೇ ಅಲ್ಲ, ಒಂದೇ ಕಡೆ ನಿಂತು ಕಸ ಬರುವುದನ್ನು ಕಾಯುವ ಯಂತ್ರ. ಆದರೆ ಕಸ ತರುವ ಮಳೆಯೇ ಅದಕ್ಕೆ ಬಲವನ್ನೂ ತರುತ್ತದೆ.

ನಮ್ಮ ಅಳಿವೆಯಲ್ಲಿ ಬೇಸಿಗೆಯ ಹರಿವು ಉಬ್ಬರ, ಇಳಿತಕ್ಕೆ ದಿಕ್ಕು ಬದಲಿಸುವುದರಿಂದ ಅಂಥ ಚಕ್ರಕ್ಕೆ ಹೆಚ್ಚು ಹೊಂದುವ ಜಾಗ ಊರಿನ ತೋಡುಗಳು ನದಿಗೆ ಬೀಳುವ ಬಾಯಿ. ಕೆರೆಗಳಂಥ ನಿಂತ ನೀರಿಗೆ ಸೌರ ದೋಣಿ ಸಾಕು. ಮೀನುದೋಣಿಗಳು ನಿಲ್ಲುವ ದಕ್ಕೆಯ ಬಳಿಯಾದರೆ ಮೊದಲು ಕಾಪಾಡಬೇಕಾದದ್ದು ದೋಣಿಯನ್ನು ಮುಂದೂಡುವ ಫ್ಯಾನನ್ನು: ನೀರಿನಲ್ಲಿ ಅರ್ಧ ಮುಳುಗಿ ತೇಲುವ ಒಂದು ಮಾರು ಹರಿದ ಬಲೆ ಸುತ್ತಿಕೊಂಡಿತೆಂದರೆ, ರೋಬಾಟನ್ನು ದಡಕ್ಕೆಳೆದು ತರಲು ಮತ್ತೊಂದು ದೋಣಿ ಹೋಗಬೇಕಾಗುತ್ತದೆ.