ಸಕ್ರಿಯ ಪೌರತ್ವ: ಐಟಿಐ ವರ್ಕ್‌ಶಾಪಿನಿಂದ ವಲಯ ಕಚೇರಿಗೆ

ತನ್ನ ಓಣಿ, ಊರು, ಕಾಲೇಜಿನ ಬಗ್ಗೆ ಆಗುವ ನಿರ್ಧಾರಗಳಲ್ಲಿ ಮನುಷ್ಯ ತಾನಾಗಿ ಮುಂದೆ ಬಂದು ಪಾಲ್ಗೊಳ್ಳುವುದಕ್ಕೆ ಸಕ್ರಿಯ ಪೌರತ್ವ ಎನ್ನುತ್ತಾರೆ. ಮತ ಹಾಕುವುದು, ತೆರಿಗೆ ಕಟ್ಟುವುದು, ಕಾನೂನು ಪಾಲಿಸುವುದು ಎಲ್ಲರಿಗೂ ಗೊತ್ತಿರುವ ಪೌರತ್ವ. ಅದರ ಮುಂದಿನ ಹೆಜ್ಜೆ ಇದು: ಒಂದು ಸಾರ್ವಜನಿಕ ತೊಂದರೆ ಕಣ್ಣಿಗೆ ಬಿದ್ದಾಗ ಅದು ಯಾರ ಹೊಣೆ ಎಂದು ಪತ್ತೆ ಹಚ್ಚಿ, ಪುರಾವೆ ಕೂಡಿಸಿ, ನಾಲ್ಕು ಮಂದಿಯನ್ನು ಜೊತೆ ಮಾಡಿಕೊಂಡು ಸಂಬಂಧಪಟ್ಟವರ ಮುಂದಿಟ್ಟು, ಉತ್ತರ ಬರುವ ತನಕ ಬೆನ್ನು ಬಿಡದಿರುವುದು. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ವಿದ್ಯಾರ್ಥಿಗಳೇ ಆರಿಸಿ ನಡೆಸುವ ಪ್ರಾಜೆಕ್ಟುಗಳ ಮೂಲಕ ಇದನ್ನು ಕಲಿಸಬಹುದು. ಕಲಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಐಟಿಐಗೆ 14 ವರ್ಷ ತುಂಬಿದವರು ಸೇರಬಹುದು. ಹಾಗಾಗಿ ಬಹಳಷ್ಟು ಮಕ್ಕಳಿಗೆ ಇನ್ನೂ ಮತದಾನದ ವಯಸ್ಸಾಗಿರುವುದಿಲ್ಲ. ಐಟಿಐಯ ಎಂಪ್ಲಾಯಬಿಲಿಟಿ ಸ್ಕಿಲ್ಸ್ (ಉದ್ಯೋಗ ಕೌಶಲ) ವಿಷಯದಲ್ಲಿ ಸಂವಿಧಾನದ ಮೌಲ್ಯಗಳ ಪಾಠ ಇದೆ. 1976ರ 42ನೇ ತಿದ್ದುಪಡಿಯಿಂದ ಬಂದ ಮೂಲಭೂತ ಕರ್ತವ್ಯಗಳು ಹೈಸ್ಕೂಲಿನಿಂದಲೇ ಬಾಯಿಪಾಠ. ಇಷ್ಟಾದ ಮೇಲೂ ನಿಮ್ಮ ಓಣಿಯ ಗಟಾರು ಯಾರ ಸುಪರ್ದಿಗೆ ಬರುತ್ತದೆ ಎಂದು ಕೇಳಿದರೆ ಹುಡುಗ ಸುಮ್ಮನಾಗುತ್ತಾನೆ. ಯಾರೂ ಅವನಿಗೆ ತೋರಿಸಿಲ್ಲ. ಅದೇ ಹುಡುಗ ಲೈನಿನಲ್ಲಿ ಕರೆಂಟ್ ಎಲ್ಲಿ ನಿಂತಿದೆ, ಪೈಪು ಎಲ್ಲಿ ಸೋರುತ್ತಿದೆ ಎಂಬುದನ್ನು ಡಿಗ್ರಿ ಮಾಡಿದವರಿಗಿಂತ ಬೇಗ ಹೇಳಬಲ್ಲ. ಆ ಕೈಗುಣವೇ ನಾಗರಿಕನ ಕೈಯ ಪುರಾವೆ ಆಗಬಲ್ಲದು ಎಂಬುದು ಈ ವಿಧಾನದ ತಿರುಳು.

ಹುಬ್ಬಳ್ಳಿಯ ಒಂದು ಎಲೆಕ್ಟ್ರಿಷಿಯನ್ ಬ್ಯಾಚ್ ಇದೆ ಎಂದಿಟ್ಟುಕೊಳ್ಳೋಣ. ಯಾವ ಕೆಲಸ ಹಿಡಿಯಬೇಕು ಎಂದು ಮಾಸ್ತರರು ಹೇಳುವುದಿಲ್ಲ, ಕೇಳುತ್ತಾರೆ. ಭೈರಿದೇವರಕೊಪ್ಪದಿಂದ ಬರುವ ಹುಡುಗಿ ಎದ್ದು ನಿಂತು, “ಸರ, ನಮ್ಮ ಓಣ್ಯಾಗ ಆರು ಕಂಬದಾಗ ಎರಡೇ ಲೈಟ್ ಹತ್ತತಾವ್ರಿ. ಚಿಗರಿ ಬಸ್ ಸ್ಟಾಪಿನಿಂದ ಮನಿತನಾ ಮೊಬೈಲ್ ಟಾರ್ಚ್ ಹಚಗೊಂಡ ಹೋಗಬೇಕ್ರಿ” ಅನ್ನುತ್ತಾಳೆ. ಅಲ್ಲಿಂದ ಕೆಲಸ ಶುರು. ಸಂಜೆ ಏಳರ ನಂತರ ತಂಡವೊಂದು ಕಂಬದ ಮೇಲೆ ಬರೆದ ನಂಬರುಗಳನ್ನು ಬರೆದುಕೊಳ್ಳುತ್ತದೆ. ದೀಪ ಪೂರಾ ಹೋಗಿದೆಯೋ, ಮಿಣುಕುತ್ತಿದೆಯೋ, ಸಾಲಿಗೆ ಸಾಲೇ ಆರಿದೆಯೋ ನೋಡುತ್ತದೆ. ಒಂದು ಕಂಬದ ದೀಪವಷ್ಟೇ ಆರಿದ್ದರೆ ಅಲ್ಲಿನ ಬಲ್ಬ್, ಹೋಲ್ಡರ್ ಮೇಲೆ ಅನುಮಾನ. ಸಾಲಾಗಿ ಆರಿದ್ದರೆ ಸ್ವಿಚ್, ಟೈಮರ್, ಲೈನಿನ ಮೇಲೆ. ಇಷ್ಟೆಲ್ಲ ನೆಲದ ಮೇಲೆ ನಿಂತೇ ಆಗಬೇಕು. ಕಂಬ ಹತ್ತುವುದು, ಪೆಟ್ಟಿಗೆ ತೆಗೆಯುವುದು ಬೇಡವೇ ಬೇಡ. ಈ ಒಂದು ವಿಷಯದಲ್ಲಿ ಮಾತ್ರ ಮಾಸ್ತರರ ಮಾತೇ ಕಡೆಯ ಮಾತು.

ಪಟ್ಟಿ ಹಿಡಿದು ಮಕ್ಕಳು ಮೊದಲು ಹೋಗುವುದು ವಿದ್ಯುತ್ ಕಂಪನಿ ಹೆಸ್ಕಾಂಗೆ. ಕರೆಂಟಿನ ತಕರಾರು ಅಂದರೆ ಅಲ್ಲಿಗೇ ಹೋಗಬೇಕು ಎಂದು ಮನೆಯಲ್ಲಿ ಕೇಳಿರುತ್ತಾರೆ. ಬೀದಿದೀಪದ ನಿರ್ವಹಣೆ ಮಹಾನಗರ ಪಾಲಿಕೆಯದು ಎಂದು ತಿಳಿಯುವುದು ಅಲ್ಲಿ. ವಾಪಸ್ ಬಂದು ತಮ್ಮ ವಾರ್ಡ್ ಯಾವ ವಲಯ ಕಚೇರಿಗೆ ಸೇರುತ್ತದೆ, ಕಾರ್ಪೊರೇಟರ್ ಯಾರು ಎಂದು ಹುಡುಕುತ್ತಾರೆ. ಅರ್ಜಿ ಕೊಟ್ಟು ಅದರ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುತ್ತಾರೆ. ಈ ಅಲೆದಾಟವನ್ನು ಮಾಸ್ತರರು ಮೊದಲೇ ತಪ್ಪಿಸಬಹುದಿತ್ತು. ತಪ್ಪಿಸಬಾರದು ಎನ್ನುತ್ತೇನೆ. ಆಡಳಿತದ ಹೊಣೆ ಹೇಗೆ ಹಂಚಿಹೋಗಿದೆ ಎಂಬುದನ್ನು ಆ ಮಧ್ಯಾಹ್ನ ಕಲಿಸಿದಷ್ಟು ಗಟ್ಟಿಯಾಗಿ ಯಾವ ಪಾಠವೂ ಕಲಿಸಲಾರದು.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹದಿನೆಂಟು ತುಂಬಿರಬೇಕು ಎಂದು ಆ ಕಾಯ್ದೆ ಹೇಳುವುದಿಲ್ಲ. “ದೀಪ ಯಾಕೆ ಹಾಕಿಲ್ಲ” ಎಂದು ಬರೆದರೆ ಅದು ದೂರು ಆಯಿತು. “ಈ ವಾರ್ಡಿನ ಬೀದಿದೀಪ ನಿರ್ವಹಣೆಯ ಗುತ್ತಿಗೆ ಯಾರಿಗಿದೆ, ಕೆಟ್ಟ ದೀಪವನ್ನು ಎಷ್ಟು ದಿನದೊಳಗೆ ಬದಲಿಸಬೇಕೆಂದು ಕರಾರಿನಲ್ಲಿದೆ, ಅದರ ಪ್ರತಿ ಕೊಡಿ” ಎಂದು ಬರೆದರೆ ಮಾಹಿತಿ ಸಿಗುತ್ತದೆ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸ ತಿಳಿಯಲು ಒಂದು ಇಡೀ ತರಗತಿ ಹೋದರೂ ನಷ್ಟವಿಲ್ಲ.

ಪ್ಲಂಬರ್ ಟ್ರೇಡಿನವರಿಗೆ ನೀರಿದೆ. ಸೋರುವ ನಳದ ಕೆಳಗೆ ಲೀಟರ್ ಬಾಟಲಿ ಇಟ್ಟು, ತುಂಬಲು ಇಪ್ಪತ್ತು ನಿಮಿಷ ಹಿಡಿಯಿತು ಎಂದು ಬರೆದುಕೊಂಡರೆ ದಿನಕ್ಕೆ 72 ಲೀಟರ್ ಪೋಲು ಎಂಬ ಲೆಕ್ಕ ಅಲ್ಲೇ ಸಿಗುತ್ತದೆ. ದಿನಗಟ್ಟಲೆ ನಳದ ದಾರಿ ಕಾಯುವ ನಮ್ಮ ಕಡೆಯ ಊರುಗಳಲ್ಲಿ ಆ ಅಂಕಿಯ ತೂಕವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮುಂಡರಗಿ, ಶಿಗ್ಗಾವಿ, ಕುಂದಗೋಳ ಕಡೆಯ ಹಳ್ಳಿಗಳಿಂದ ಬಸ್ ಪಾಸಿನಲ್ಲಿ ಬರುವ ಮಕ್ಕಳ ದಾರಿ ಬೇರೆ. ಅಲ್ಲಿ ಹೊಣೆ ಗ್ರಾಮ ಪಂಚಾಯಿತಿಯದು, ಕೇಳುವ ಜಾಗ ಗ್ರಾಮಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರಷ್ಟೇ ಗ್ರಾಮಸಭೆಯ ಸದಸ್ಯರಾದ್ದರಿಂದ ಮಗ ತಯಾರಿಸಿದ ಪಟ್ಟಿಯನ್ನು ಅವ್ವ ಸಭೆಯಲ್ಲಿ ಓದಬೇಕಾಗುತ್ತದೆ. ಪ್ರಾಜೆಕ್ಟಿನ ಲಾಭ ಇಬ್ಬರಿಗೂ ಸಿಗುತ್ತದೆ. ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನೆಲ ಇದು. ಕೂಡಿ ಕೇಳುವುದು, ಕೂಡಿ ಮಾಡುವುದು ನಮಗೆ ಹೊಸತಲ್ಲ.

ಶ್ರಮದಾನಕ್ಕೂ ಇದಕ್ಕೂ ಏನು ವ್ಯತ್ಯಾಸ? ಜೋಯೆಲ್ ವೆಸ್ಟ್‌ಹೈಮರ್ ಮತ್ತು ಜೋಸೆಫ್ ಕಾನ್ ಎಂಬ ಶಿಕ್ಷಣತಜ್ಞರು 2004ರಲ್ಲಿ ನಾಗರಿಕರನ್ನು ಮೂರು ಬಗೆಯಾಗಿ ಗುರುತಿಸಿದರು: ಹೊಣೆಗಾರ, ಪಾಲ್ಗೊಳ್ಳುವವ, ನ್ಯಾಯದ ಪ್ರಶ್ನೆ ಕೇಳುವವ. ನಮ್ಮ ಗಟಾರಿಗೆ ಹೊಂದಿಸಿ ಹೇಳುವುದಾದರೆ, ಮೊದಲನೆಯವನು ಅದರಲ್ಲಿ ಕಸ ಎಸೆಯುವುದಿಲ್ಲ. ಎರಡನೆಯವನು ಓಣಿಯವರನ್ನು ಕೂಡಿಸಿ ಸ್ವಚ್ಛ ಮಾಡಿಸುತ್ತಾನೆ. ಮೂರನೆಯವನು ಇದೇ ಓಣಿಯ ಗಟಾರು ಪ್ರತಿ ಮಳೆಗಾಲ ಯಾಕೆ ತುಂಬುತ್ತದೆ, ಪಕ್ಕದ ಬಡಾವಣೆಯದು ಯಾಕೆ ತುಂಬುವುದಿಲ್ಲ ಎಂದು ಕೇಳುತ್ತಾನೆ. ಮೂವರೂ ಬೇಕು. ಕಾಲೇಜುಗಳು ಮಾತ್ರ ಬಹುತೇಕ ಮೊದಲಿಬ್ಬರ ಹತ್ತಿರವೇ ನಿಂತುಬಿಡುತ್ತವೆ.

‘ವಿದ್ಯಾರ್ಥಿಗಳೇ ನಡೆಸುವ’ ಎಂಬ ಮಾತನ್ನೂ ಹಗುರವಾಗಿ ಬಳಸುವಂತಿಲ್ಲ. ಮಕ್ಕಳ ಪಾಲ್ಗೊಳ್ಳುವಿಕೆಗೆ ರೋಜರ್ ಹಾರ್ಟ್ ಎಂಬ ಸಂಶೋಧಕರು 1992ರಲ್ಲಿ ಎಂಟು ಮೆಟ್ಟಿಲಿನ ಏಣಿಯೊಂದನ್ನು ಕೊಟ್ಟರು. ಕೆಳಗಿನ ಮೂರರಲ್ಲಿ ಮಕ್ಕಳು ಹಾಜರಿರುತ್ತಾರೆ, ಪಾಲ್ಗೊಳ್ಳುವುದಿಲ್ಲ. ಬ್ಯಾನರ್ ಹಿಡಿಸಿ ಫೋಟೋ ತೆಗೆಸುವ ಜಾಥಾ ಅಲ್ಲಿಗೆ ಸೇರುತ್ತದೆ. ಮೇಲಿನ ಮೆಟ್ಟಿಲಲ್ಲಿ ವಿಷಯ ಎತ್ತುವವರು ಮಕ್ಕಳು, ನಿರ್ಧಾರದಲ್ಲಿ ದೊಡ್ಡವರೂ ಜೊತೆಗಾರರು.

ರಾಜಕೀಯ ಬೇಡ ಎಂದು ಪ್ರಾಚಾರ್ಯರು ಹಿಂಜರಿಯುವುದುಂಟು. ಅವರ ಆತಂಕ ಸುಳ್ಳಲ್ಲ. ಅಧಿಕಾರಿಯೊಬ್ಬರು ಫೋನ್ ಮಾಡಿ ಗದರಿಸಬಹುದು. ಅದಕ್ಕೇ ಪಕ್ಷದ ಮಾತು ಬೇಡ, ವ್ಯಕ್ತಿಯ ಮೇಲೆ ಆರೋಪ ಬೇಡ, ಅಳತೆ ಮತ್ತು ದಾಖಲೆ ಇರಲಿ ಎಂಬ ಕಟ್ಟುಪಾಡು. ಪೋಷಕರಿಗೆ ಮೊದಲೇ ತಿಳಿಸಿರಬೇಕು. ಕಚೇರಿಗೆ ಹೋಗುವಾಗ ಕಾಲೇಜಿನ ಪತ್ರ ಕೈಯಲ್ಲಿರಬೇಕು.

ಅಂಕದ ವಿಚಾರದಲ್ಲಿ ನನ್ನದು ಒಂದೇ ಹಟ. ದೀಪ ಹತ್ತಲಿಲ್ಲ ಎಂದು ಅಂಕ ಕಳೆಯಬಾರದು, ಏಕೆಂದರೆ ಅದು ಮಕ್ಕಳ ಕೈಯಲ್ಲಿಲ್ಲ. ಡೈರಿ, ಕಂಬದ ಪಟ್ಟಿ, ಅರ್ಜಿಯ ಪ್ರತಿ, ಬಂದ ಉತ್ತರ, ಅದನ್ನು ಓದಿ ಅವರು ಮುಂದೇನು ಮಾಡಿದರು ಎಂಬುದಕ್ಕೆ ಅಂಕ ಕೊಡಬೇಕು. ಕೋರ್ಸು ಮುಗಿದು ಬ್ಯಾಚ್ ಹೊರಟಾಗ ಆ ಫೈಲು ಸ್ಟಾಫ್ ರೂಮಿನ ಕಪಾಟು ಸೇರದೆ, ಬಾಕಿ ಉಳಿದ ಪ್ರಶ್ನೆಗಳ ಪಟ್ಟಿಯ ಸಮೇತ ಜೂನಿಯರ್ ಬ್ಯಾಚಿನ ಕೈಗೆ ಹೋಗಬೇಕು.