ಚೇಗಿನ ಎಣ್ಣೆ ಮತ್ತು ಸೂಕ್ಷ್ಮಜೀವಿ

ಕಡಿದು ಬಿದ್ದ ಶ್ರೀಗಂಧದ ಕಾಂಡದಲ್ಲಿ ಹೊರಗಿನ ಬಿಳಿಯ ಪದರವನ್ನು ಗೆದ್ದಲು ಬೇಗನೆ ತಿಂದುಬಿಡುತ್ತದೆ. ಒಳಗಿನ ಕಂದು ಚೇಗನ್ನು ಮಾತ್ರ ಬಹುಕಾಲ ಮುಟ್ಟುವುದಿಲ್ಲ. ನಾವು ಸಾಣೆಕಲ್ಲಿನ ಮೇಲೆ ತೇಯುವುದು ಈ ಚೇಗನ್ನೇ. ಅದರಲ್ಲಿ ಸೇರಿಕೊಂಡಿರುವ ಎಣ್ಣೆಯ ಬಹುಪಾಲು ಸಾಂಟಲಾಲ್ ಎಂಬ, 15 ಇಂಗಾಲದ ಪರಮಾಣುಗಳುಳ್ಳ ಆಲ್ಕೊಹಾಲ್. ನಮಗೆ ಪರಿಮಳವಾಗಿರುವ ಈ ವಸ್ತು ಮರಕ್ಕೆ ರಕ್ಷಣೆಯೂ ಹೌದು. ಶಿಲೀಂಧ್ರ, ಬ್ಯಾಕ್ಟೀರಿಯಾ ಮತ್ತು ಕೀಟಗಳಿಗೆ ವರ್ಷವಿಡೀ ಬಿಡುವೇ ಇಲ್ಲದ ಉಷ್ಣವಲಯದ ಕಾಡುಗಳಲ್ಲಿ ಬೆಳೆಯುವ ದಾಲ್ಚಿನ್ನಿ, ಲವಂಗ, ಕಾಳುಮೆಣಸುಗಳೂ ತೊಗಟೆ, ಮೊಗ್ಗು, ಕಾಯಿಗಳಲ್ಲಿ ಇಂಥ ಸುಗಂಧತೈಲಗಳನ್ನು ಕೂಡಿಟ್ಟುಕೊಳ್ಳುತ್ತವೆ.

ಮೊದಲ ಮಹಾಯುದ್ಧದಿಂದಾಗಿ ಮೈಸೂರು ಸಂಸ್ಥಾನದ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ, 1916ರಲ್ಲಿ ಬೆಂಗಳೂರಿನಲ್ಲಿಯೇ ಎಣ್ಣೆಯನ್ನು ಭಟ್ಟಿ ಇಳಿಸುವ ಕೆಲಸ ಆರಂಭವಾಯಿತು. ಭಟ್ಟಿಯ ತತ್ವ ಸೊಗಸಾದದ್ದು. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಕುದಿಯುವುದು 254 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಹಬೆಯ ಜೊತೆ ಸೇರಿದಾಗ ಅದು ನೀರಿನ ಕುದಿಬಿಂದುವಿಗಿಂತ ತುಸು ಕಡಿಮೆ ಉಷ್ಣತೆಯಲ್ಲಿಯೇ ಆವಿಯಾಗಿ ಹೊರಬರುತ್ತದೆ, ಏಕೆಂದರೆ ಒಂದರಲ್ಲೊಂದು ಬೆರೆಯದ ಎರಡು ದ್ರವಗಳ ಆವಿಯೊತ್ತಡಗಳು ಕೂಡಿಕೊಂಡು ವಾತಾವರಣದ ಒತ್ತಡವನ್ನು ಸರಿಗಟ್ಟುತ್ತವೆ. (ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ.)

ಈ ಎಣ್ಣೆಗಳು ಸೂಕ್ಷ್ಮಜೀವಿಯನ್ನು ಕೊಲ್ಲುವ ಬಗೆಯನ್ನು ನಮ್ಮ ಮನೆಗಳ ಕುಂಡದಲ್ಲಿರುವ ದೊಡ್ಡಪತ್ರೆಯಿಂದಲೇ ತಿಳಿಯಬಹುದು. ತಂಬುಳಿಗೆ ಕಿತ್ತ ಎಲೆಯಿಂದ ಏಳುವ ಓಮದಂಥ ಘಾಟಿಗೆ ಕಾರಣ ಕಾರ್ವಕ್ರಾಲ್ ಮತ್ತು ಥೈಮಾಲ್. ಇವು ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತವೆ. ಬ್ಯಾಕ್ಟೀರಿಯಾದ ಜೀವಕೋಶವನ್ನು ಸುತ್ತುವರಿದಿರುವ ಪೊರೆಯೂ ಬಹುಮಟ್ಟಿಗೆ ಕೊಬ್ಬಿನದೇ. ಎಣ್ಣೆಯ ಅಣುಗಳು ಆ ಪೊರೆಯೊಳಗೆ ನುಸುಳಿ ಅದರ ಜೋಡಣೆಯನ್ನು ಸಡಿಲಿಸಿದಾಗ ಒಳಗಿನ ಪೊಟ್ಯಾಸಿಯಂ ಅಯಾನುಗಳು ಸೋರುತ್ತವೆ, ಪೊರೆಯ ಎರಡು ಬದಿಗಳ ನಡುವೆ ಪ್ರೋಟಾನುಗಳಲ್ಲಿದ್ದ ವ್ಯತ್ಯಾಸ ಕುಸಿಯುತ್ತದೆ, ಆ ವ್ಯತ್ಯಾಸದ ಬಲದಿಂದಲೇ ನಡೆಯುತ್ತಿದ್ದ ಶಕ್ತಿಯ ಉತ್ಪಾದನೆ ನಿಲ್ಲುತ್ತದೆ. ಎಲ್ಲ ಬ್ಯಾಕ್ಟೀರಿಯಾಗಳೂ ಇದಕ್ಕೆ ಸಮನಾಗಿ ಮಣಿಯುವುದಿಲ್ಲ. ಗ್ರಾಮ್ ನೆಗೆಟಿವ್ ಗುಂಪಿನವುಗಳಿಗೆ ಇನ್ನೊಂದು ಹೊರಪೊರೆ ಇರುವುದರಿಂದ ಎಣ್ಣೆ ಒಳಹೋಗುವುದು ಕಷ್ಟ. ಅದೇ ಗುಂಪಿನ ಸ್ಯೂಡೊಮೊನಾಸ್ ಅಂತೂ ಒಳಹೊಕ್ಕ ಅಣುಗಳನ್ನು ಹೊರದಬ್ಬುವ ಪಂಪುಗಳನ್ನೂ ಹೊಂದಿದೆ.

ಪರೀಕ್ಷೆಯ ವಿಧಾನವನ್ನು ತಿಳಿಯದೆ ಫಲಿತಾಂಶವನ್ನು ನಂಬಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಲೋಳೆಯನ್ನು ತುಂಬಿ ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನಿಟ್ಟು, ಸುತ್ತಲೂ ಬೆಳವಣಿಗೆಯಿಲ್ಲದ ವಲಯ ಎಷ್ಟು ಅಗಲವಾಗಿದೆ ಎಂದು ಅಳೆಯುವುದು ರೂಢಿಯಲ್ಲಿರುವ ಸುಲಭದ ಕ್ರಮ. ಆದರೆ ಅಗರ್ ಎಂದರೆ ಬಹುಪಾಲು ನೀರು. ಸಾಂಟಲಾಲ್‌ನಂಥ ಭಾರವಾದ ಅಣು ಅದರಲ್ಲಿ ದೂರ ಹರಡುವುದಿಲ್ಲ, ಹಗುರವಾದವು ಗಾಳಿಗೆ ಹಾರಿಹೋಗುತ್ತವೆ. ಹೀಗಾಗಿ ವಲಯದ ಅಗಲ ಎಣ್ಣೆಯ ಬಲಕ್ಕೆ ಸರಿಯಾದ ಅಳತೆಯಾಗದು. ಪೋಷಕ ದ್ರವದಲ್ಲಿ ಎಣ್ಣೆಯನ್ನು ಹಂತಹಂತವಾಗಿ ತೆಳುಗೊಳಿಸಿ, ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣವನ್ನು ಹುಡುಕುವ ಕ್ರಮ ಹೆಚ್ಚು ವಿಶ್ವಾಸಾರ್ಹ.

ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತಿತೆಂದು ದೇಹದೊಳಗಿನ ಸೋಂಕೂ ವಾಸಿಯಾಗುತ್ತದೆಂದು ಭಾವಿಸುವುದು ಅಪಾಯಕರ. ಪೊರೆ ಇರುವುದು ಬ್ಯಾಕ್ಟೀರಿಯಾಕ್ಕೆ ಮಾತ್ರವಲ್ಲ. ನಮ್ಮ ಜೀವಕೋಶಗಳಿಗೂ ಇದೆ, ಎಣ್ಣೆ ಅದನ್ನೂ ಕೆಡಿಸಬಲ್ಲದು. ನೇರವಾಗಿ ಹಚ್ಚಿದ ದಾಲ್ಚಿನ್ನಿ ಎಣ್ಣೆ ಚರ್ಮವನ್ನು ಸುಡುತ್ತದೆ. ನೀಲಗಿರಿ ಎಣ್ಣೆ ಅಥವಾ ಕರ್ಪೂರ ಮಕ್ಕಳ ಹೊಟ್ಟೆಗೆ ಹೋದರೆ ಸ್ವಲ್ಪ ಪ್ರಮಾಣದಲ್ಲಿಯೂ ಫಿಟ್ಸ್ ಬರಬಹುದು; ಇವು ಮಕ್ಕಳ ಕೈಗೆ ಸಿಗದಂತೆ ಇರಲೇಬೇಕು.

ಸೀಮಿತ ಜಾಗದಲ್ಲಿ, ಗೊತ್ತಾದ ಪ್ರಮಾಣದಲ್ಲಿ ಬಳಸಿದಾಗ ಇದೇ ಗುಣ ಉಪಯೋಗಕ್ಕೆ ಬರುತ್ತದೆ. ಹಲ್ಲಿನ ಡಾಕ್ಟರು ಹುಳುಕನ್ನು ಕೆರೆದು ತೆಗೆದ ಕುಳಿಗೆ ತಾತ್ಕಾಲಿಕವಾಗಿ ತುಂಬುವ ಸಿಮೆಂಟುಗಳಲ್ಲಿ ಒಂದು, ಸತುವಿನ ಆಕ್ಸೈಡ್ ಪುಡಿಯನ್ನು ಯೂಜಿನಾಲ್‌ನಲ್ಲಿ ಕಲಸಿದ್ದು. ಅದು ಗಟ್ಟಿಯಾದ ಮೇಲೂ ಯೂಜಿನಾಲ್ ಅಲ್ಪಪ್ರಮಾಣದಲ್ಲಿ ಹೊರಬರುತ್ತ, ನೋವನ್ನು ತಗ್ಗಿಸಿ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಹಲ್ಲಿನ ಕ್ಲಿನಿಕ್ಕಿನಲ್ಲಿ ಕುಳಿತವರ ಮೂಗಿಗೆ ಲವಂಗದ ವಾಸನೆ ಬಡಿಯುವುದು ಈ ಕಾರಣಕ್ಕೆ.