ಗಮ್ ಹಚ್ಚಿ ಕೊಡಿ ಎನ್ನುವವರಿಗೆ

ಏಪ್ರಿಲ್ ಹತ್ತಿರ ಬಂದಂತೆ ನನ್ನ ಅಂಗಡಿಗೆ ಒಂದೇ ಬಗೆಯ ಫೋನುಗಳು ಬರತೊಡಗುತ್ತವೆ. ತೆಳ್ಳನೆಯ ಸೆಟ್, ದೊಡ್ಡ ಪರದೆ, ಒಳ್ಳೆಯ ಕ್ಯಾಮೆರಾ. ಒಂದು ಪಕ್ಕದಲ್ಲಿ ಮಾತ್ರ ಡಿಸ್‌ಪ್ಲೇ ಉಗುರು ತೂರುವಷ್ಟು ಎದ್ದಿರುತ್ತದೆ. ಕೆಲವರು ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿರುತ್ತಾರೆ, ಇನ್ನು ಕೆಲವರು ಬಿಗಿಯಾದ ಕವರಿನೊಳಗೆ ತುರುಕಿ ಅದುಮಿಟ್ಟಿರುತ್ತಾರೆ. ತಂದವರ ಮಾತೂ ಒಂದೇ: "ಏನೂ ಆಗಿಲ್ಲ, ಗಮ್ ಬಿಟ್ಟಿದೆ. ಸ್ವಲ್ಪ ಗಮ್ ಹಚ್ಚಿ ಕೂಡಿಸಿಕೊಡಿ, ಇಲ್ಲೇ ನಿಂತಿರುತ್ತೇನೆ."

ನಾನು ಗಮ್ ಹಚ್ಚಿ ಕೊಡುವುದಿಲ್ಲ. ವಿಜಯಪುರದ ಗಾಂಧಿ ಚೌಕದ ಆಸುಪಾಸಿನಲ್ಲಿ ಇಪ್ಪತ್ತು ವರ್ಷದಿಂದ ರಿಪೇರಿ ಮೇಜಿನ ಮುಂದೆ ಕುಳಿತಿದ್ದೇನೆ. ಕಳೆದ ಕೆಲವು ವರ್ಷಗಳಲ್ಲಿ ಈ ಒಂದು ಮಾತನ್ನು ವಿವರಿಸಿದಷ್ಟು ಬೇರೆ ಯಾವುದನ್ನೂ ವಿವರಿಸಿಲ್ಲ. ಹತ್ತರಲ್ಲಿ ಆರು ಜನ ಕೇಳಿಸಿಕೊಂಡು, ತಲೆಯಾಡಿಸಿ, ಪಕ್ಕದ ಓಣಿಯಲ್ಲಿ ಗಮ್ ಹಚ್ಚಿಸಿಕೊಂಡು ಹೋಗುತ್ತಾರೆ.

ಕಾರ್ಖಾನೆಯಲ್ಲಿ ಹಚ್ಚಿದ ಗಮ್ ಎರಡು ವರ್ಷ ಹಿಡಿದಿದ್ದು ಮೂರನೆಯ ಬೇಸಿಗೆಯಲ್ಲಿ ತಾನಾಗಿ ಬಿಡುವುದು ಅಪರೂಪ. ಫೋನ್ ಬಿದ್ದು ಚೌಕಟ್ಟು ಬಾಗಿದ್ದರೆ ಹಾಗಾಗಬಹುದು, ಹಿಂದೆ ಯಾರೋ ಬಿಚ್ಚಿ ಸರಿಯಾಗಿ ಕೂಡಿಸದೆ ಬಿಟ್ಟಿದ್ದರೂ ಆಗಬಹುದು. ಆದ್ದರಿಂದ ಬಿಚ್ಚಿ ನೋಡದೆ ನಾನು ಖಚಿತವಾಗಿ ಹೇಳುವುದಿಲ್ಲ. ಆದರೆ ಬೀಳದ, ಬಿಚ್ಚದ ಫೋನಿನ ಡಿಸ್‌ಪ್ಲೇ ಎದ್ದಿದೆ ಎಂದರೆ ಒಳಗಿನಿಂದ ಏನೋ ದೂಡುತ್ತಿದೆ. ದೂಡುವ ವಸ್ತು ಅದರ ಹೊಟ್ಟೆಯಲ್ಲಿ ಒಂದೇ ಇದೆ, ಬ್ಯಾಟರಿ.

ಇದು ಜನಕ್ಕೆ ಏಕೆ ಹೊಳೆಯುವುದಿಲ್ಲ ಎಂದು ಯೋಚಿಸಿದ್ದೇನೆ. ಮೊದಲು ಬ್ಯಾಟರಿ ಕಣ್ಣಿಗೆ ಕಾಣುತ್ತಿತ್ತು. 2003ರಲ್ಲಿ ಬಂದ ನೋಕಿಯಾ 1100 ನೆನಪಿರಬಹುದು. ಎರಡು ಸೆಂಟಿಮೀಟರ್ ದಪ್ಪ, ತಲೆಯ ಮೇಲೆ ಟಾರ್ಚು. ಬೆನ್ನು ತೆಗೆದರೆ ಬಿಎಲ್-5ಸಿ ಬ್ಯಾಟರಿ ಕೈಗೆ ಬರುತ್ತಿತ್ತು. 2007ರ ಆಗಸ್ಟ್‌ನಲ್ಲಿ ನೋಕಿಯಾ ಆ ಬ್ಯಾಟರಿಯ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ಜಪಾನಿನ ಮತ್ಸುಶಿತಾ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ತಯಾರಿಸಿದ 4.6 ಕೋಟಿ ಬ್ಯಾಟರಿಗಳು ಚಾರ್ಜಿಗೆ ಹಾಕಿದಾಗ ವಿಪರೀತ ಬಿಸಿಯಾಗುವ ಸಾಧ್ಯತೆ ಇದೆ ಎಂದು. ನಾನಾಗ ಕೆಲಸ ಕಲಿಯುತ್ತಿದ್ದ ಹುಡುಗ. ಸಿಂದಗಿ, ಇಂಡಿ, ಮುದ್ದೇಬಿಹಾಳದಿಂದೆಲ್ಲ ಜನ ಬ್ಯಾಟರಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ಅದರ ಬೆನ್ನಿನ ಅಂಕಿ ಓದಿಸುತ್ತಿದ್ದರು. ಉಬ್ಬಿದೆಯೇ ಎಂದು ನೋಡಲು ಬ್ಯಾಟರಿಯನ್ನು ಗಾಜಿನ ಮೇಲಿಟ್ಟು ಬುಗುರಿಯಂತೆ ತಿರುಗಿಸುತ್ತಿದ್ದೆವು. ನೆಟ್ಟಗಿದ್ದರೆ ಉಜ್ಜಿಕೊಂಡು ನಿಲ್ಲುತ್ತಿತ್ತು, ಹೊಟ್ಟೆ ಬಂದಿದ್ದರೆ ಗಿರ್ರನೆ ಸುತ್ತುತ್ತಿತ್ತು. ಓದು ಬಾರದ ಅಜ್ಜಿಯೂ ಆ ಪರೀಕ್ಷೆ ಕಲಿತಿದ್ದಳು. ಆಮೇಲೆ ಫೋನುಗಳು ತೆಳುವಾದವು, ಬೆನ್ನು ಮುಚ್ಚಿತು, ಬ್ಯಾಟರಿ ಒಳಗೆ ಹೋಗಿ ಅಂಟಿಕೊಂಡಿತು. ಕಣ್ಣಿಗೆ ಕಾಣದ ವಸ್ತುವಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಕಾಣುವುದು ಬಿರುಕು, ಬಿರುಕಿಗೆ ಮದ್ದು ಗಮ್.

ಆ ಕಾಣದ ವಸ್ತು ಎಂಥದ್ದು ಎಂದು ಹೇಳಿಬಿಡುತ್ತೇನೆ. ತೆಳು ಫೋನಿನ ಬ್ಯಾಟರಿ ಗಟ್ಟಿ ಡಬ್ಬಿಯಲ್ಲ, ಅದೊಂದು ಪೊಟ್ಟಣ. ತಾಮ್ರದ ಹಾಳೆಗೆ ಗ್ರ್ಯಾಫೈಟ್ ಬಳಿದಿರುತ್ತಾರೆ, ಅಲ್ಯೂಮಿನಿಯಂ ಹಾಳೆಗೆ ಲಿಥಿಯಂ ಸಂಯುಕ್ತ. ಎರಡರ ನಡುವೆ ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಮೂರನ್ನೂ ಚಾಪೆಯಂತೆ ಸುತ್ತಿ, ದ್ರಾವಣದಲ್ಲಿ ನೆನೆಸಿ, ಬೆಳ್ಳಿಬಣ್ಣದ ಚೀಲದಲ್ಲಿಟ್ಟು ಬಾಯಿ ಮುಚ್ಚಿರುತ್ತಾರೆ. ಆ ದ್ರಾವಣ ನೀರಲ್ಲ, ಬೆಂಕಿ ತಾಗಿದರೆ ಹೊತ್ತುವಂಥದ್ದು. ವಯಸ್ಸಾದಂತೆ ಅದು ಚೂರುಚೂರೇ ಒಡೆದು ಅನಿಲವಾಗುತ್ತದೆ, ಬಿಸಿಯಲ್ಲಿ ಬೇಗ, ನೂರಕ್ಕೆ ನೂರು ಚಾರ್ಜ್ ತುಂಬಿ ಬಿಸಿಯಲ್ಲಿಟ್ಟರೆ ಇನ್ನೂ ಬೇಗ. ಅನಿಲಕ್ಕೆ ಹೊರಗೆ ದಾರಿಯಿಲ್ಲ, ಚೀಲ ಉಬ್ಬುತ್ತದೆ. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಿದ ಹಾಗೆಯೇ. ರೊಟ್ಟಿಯ ಉಬ್ಬು ಹಂಚಿನಿಂದ ತೆಗೆದ ಮೇಲೆ ಇಳಿಯುತ್ತದೆ, ಇದರದು ಇಳಿಯುವುದಿಲ್ಲ.

"ಹಾಗಾದರೆ ಮೇಲಿನಿಂದ ಒತ್ತಿದರೆ ಕೂರುವುದಿಲ್ಲವೇ?" ಎಂದು ಕೇಳುತ್ತಾರೆ. ಕೂರುತ್ತದೆ. ನಾನು ಹೆದರುವುದು ಅದಕ್ಕೇ. ಒತ್ತಿ ಗಮ್ ಹಚ್ಚಿ ಕ್ಲಿಪ್ ಹಾಕಿ ಒಂದು ರಾತ್ರಿ ಇಟ್ಟರೆ ಫೋನ್ ಹೊಸದರಂತೆ ಕಾಣುತ್ತದೆ. ಒಳಗಿನ ಅನಿಲ ಎಲ್ಲಿಗೂ ಹೋಗಿರುವುದಿಲ್ಲ. ಅದರ ಒತ್ತಡವೀಗ ಒಂದು ಕಡೆ ಡಿಸ್‌ಪ್ಲೇ ಮೇಲೆ, ಇನ್ನೊಂದು ಕಡೆ ಆ ಸುತ್ತಿದ ಹಾಳೆಗಳ ಮೂಲೆಯ ಮೇಲೆ ಬಿದ್ದಿರುತ್ತದೆ. ಡಿಸ್‌ಪ್ಲೇ ಸೋತರೆ ಉದ್ದಕ್ಕೆ ಹಸಿರು ಗೆರೆ ಬರುತ್ತದೆ ಅಥವಾ ಮುಟ್ಟದೆಯೇ ಫೋನ್ ತಾನಾಗಿ ಅಕ್ಷರ ಒತ್ತಿಕೊಳ್ಳುತ್ತದೆ. ಅದು ಹಣದ ನಷ್ಟ, ಇರಲಿ. ಮೂಲೆಯ ಪೊರೆ ಸೋತರೆ ತಾಮ್ರದ ಹಾಳೆಯೂ ಅಲ್ಯೂಮಿನಿಯಂ ಹಾಳೆಯೂ ಒಳಗೇ ತಾಗಿ ಶಾರ್ಟ್ ಆಗುತ್ತದೆ. ಆಮೇಲೆ ಅದನ್ನು ನಿಲ್ಲಿಸುವ ಬಟನ್ ಯಾವುದೂ ಇಲ್ಲ.

ಮೂಲೆಯ ಮಾತನ್ನು ನಾನು ಕಟ್ಟಿ ಹೇಳುತ್ತಿಲ್ಲ. 2016ರಲ್ಲಿ ಕೆಲವು ಫೋನುಗಳು ಹೊತ್ತಿಕೊಂಡದ್ದಕ್ಕೆ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು, ಮೊದಲ ಸುತ್ತಿನಲ್ಲೇ ಸುಮಾರು 25 ಲಕ್ಷ, ಹಿಂದಕ್ಕೆ ಕರೆಸಿಕೊಂಡಿತು. ವಿಮಾನದಲ್ಲಿ ಆ ಫೋನ್ ಒಯ್ಯಬಾರದೆಂದು ಹಲವು ದೇಶಗಳು ನಿಷೇಧ ಹಾಕಿದ್ದವು. 2017ರ ಜನವರಿಯಲ್ಲಿ ಕಂಪನಿಯೇ ಕಾರಣ ಬಿಡಿಸಿ ಹೇಳಿತು. ಎರಡು ಕಡೆಯಿಂದ ಬ್ಯಾಟರಿ ತರಿಸಿದ್ದರು. ಒಂದರಲ್ಲಿ ಚೀಲಕ್ಕೆ ಸಾಕಷ್ಟು ಜಾಗವಿರದೆ ಮೇಲಿನ ಬಲಮೂಲೆಯಲ್ಲಿ ಒಳಗಿನ ಹಾಳೆ ಬಾಗಿತ್ತು, ಇನ್ನೊಂದರಲ್ಲಿ ವೆಲ್ಡಿಂಗ್ ದೋಷವಿತ್ತು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ, ಅಷ್ಟು ಪರೀಕ್ಷೆಯ ನಡುವೆ, ಒಂದು ಮೂಲೆ ಬಾಗಿದ್ದಕ್ಕೆ ಅಷ್ಟಾಯಿತು. ನಾವು ಉಬ್ಬಿದ ಪೊಟ್ಟಣಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಮಗುವಿನ ಕೈಗೆ ಕೊಡುತ್ತೇವೆ.

ಹೆದರಿಸಿ ವ್ಯಾಪಾರ ಮಾಡುವುದು ನನಗೆ ಬೇಡ. ಉಬ್ಬಿದ ಬ್ಯಾಟರಿಗಳೆಲ್ಲ ಹೊತ್ತಿಕೊಳ್ಳುವುದಿಲ್ಲ, ಬಹುಪಾಲು ಹೊತ್ತಿಕೊಳ್ಳುವುದಿಲ್ಲ. ನಾನು ಬಿಚ್ಚಿ ತೆಗೆದವು ಬಕೆಟ್ಟುಗಟ್ಟಲೆ ಇವೆ. ಆದರೆ ಎರಡು ಉಬ್ಬಿದ ಬ್ಯಾಟರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಸುಮ್ಮನಿರುತ್ತದೆ, ಯಾವುದು ಇರುವುದಿಲ್ಲ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ಒಮ್ಮೆ ಬಂದರು. ಬಹಳ ಚುರುಕಿನ ಮನುಷ್ಯ, ಒಣದ್ರಾಕ್ಷಿಯ ಲೆಕ್ಕವೆಲ್ಲ ಫೋನಿನಲ್ಲೇ. ಒಣಗಿಸುವ ಶೆಡ್ಡಿನ ತಗಡಿನ ಕೆಳಗೆ ಫೋನಿಟ್ಟು ದಿನವಿಡೀ ಹಾಡು ಹಚ್ಚುತ್ತಿದ್ದರಂತೆ. ಬೆನ್ನು ಎದ್ದಾಗ ತಾವೇ ಚಾಕುವಿನಿಂದ ಬಿಚ್ಚಿ, ಚೀಲ ಕಂಡು, "ಗಾಳಿ ತುಂಬಿದೆ, ಸೂಜಿಯಿಂದ ಚುಚ್ಚಿದರೆ ಹೋಗುತ್ತದೆ" ಎಂದುಕೊಂಡು ಚುಚ್ಚಿದ್ದಾರೆ. ಪುಣ್ಯಕ್ಕೆ ಚಾರ್ಜ್ ಹೆಚ್ಚುಕಡಿಮೆ ಖಾಲಿಯಾಗಿತ್ತು. ಬಿಸಿಯಾಗಿ, ಹೊಗೆ ಬಂದು, ಅಲ್ಲಿಗೇ ನಿಂತಿತು. ನನ್ನ ಮೇಜಿನ ಮೇಲೆ ಆ ಫೋನ್ ಇಟ್ಟಾಗ ಹಣ್ಣು ಕೊಳೆತಂಥ ಸಿಹಿ ವಾಸನೆ ಅಂಗಡಿ ತುಂಬ ಹರಡಿತು. ಆ ವಾಸನೆ ಬಂದರೆ ಚೀಲ ತೂತಾಗಿದೆ ಎಂದೇ ತಿಳಿಯಿರಿ. ಅವರ ಎರಡು ಬೆರಳ ತುದಿ ಬೆಳ್ಳಗೆ ಬೊಬ್ಬೆಯೆದ್ದಿತ್ತು. ಆ ಬೆರಳಿನಿಂದಲೇ ಗಂಟಲನ್ನು ಸವರಿಕೊಳ್ಳುತ್ತ, "ಇದು ಗಾಳಿಯಲ್ಲವೇ?" ಎಂದು ಕೇಳಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮೊದಲು ನಲ್ಲಿಯ ಕೆಳಗೆ ಕೈ ಹಿಡಿಸಿ, ಆಮೇಲೆ ಆಸ್ಪತ್ರೆಗೆ ಕಳಿಸಿದೆ.

ಫ್ರಿಜ್ಜಿನಲ್ಲಿಡುವುದು, ಅಕ್ಕಿಯ ಡಬ್ಬಿಯಲ್ಲಿ ಹುಗಿಯುವುದು, ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಬೇಡ. ನೀರಿನ ಬಗ್ಗೆ ಒಂದು ಮಾತು ಮಾತ್ರ ಇಲ್ಲಿಗೆ ಸಂಬಂಧಿಸಿದ್ದು. ಐಪಿ68, ಅಂದರೆ ನೀರು ಧೂಳು ಒಳಹೋಗದು, ಎಂದು ಡಬ್ಬಿಯ ಮೇಲೆ ಬರೆದಿರುವ ಫೋನಿಗೂ ನೀರನ್ನು ಮುಖ್ಯವಾಗಿ ತಡೆಯುವುದು ಅದೇ ಅಂಚಿನ ಗಮ್. ಬ್ಯಾಟರಿ ಉಬ್ಬಿ ಅಂಚು ಎದ್ದ ದಿನವೇ ಆ ರಕ್ಷಣೆ ಮುಗಿಯಿತು. ನಮ್ಮ ಕರಿಮಣ್ಣಿನ ಧೂಳು ಆ ಸಂದಿಯಲ್ಲಿ ಹೇಗೆ ಕೂರುತ್ತದೆಂದರೆ, ಬಿಚ್ಚಿದಾಗ ಒಳಗೆ ಹೊಲದ ಬದು ಕಂಡಂತಾಗುತ್ತದೆ.

ತೆಳು ಫೋನ್ ಕೊಳ್ಳಲೇಬಾರದೇ ಎಂದು ಕೇಳಿದರೆ ನಾನು ಹಾಗೆ ಹೇಳುವವನಲ್ಲ. ಕೈಯಲ್ಲಿ ಹಿಡಿದಾಗಿನ ಆ ಹಗುರ, ಆ ಪರದೆಯ ಬಣ್ಣ ನನಗೂ ಇಷ್ಟ. 2004ರ ಮೊಟೊರೊಲಾ ರೇಜರ್ 13.9 ಮಿಲಿಮೀಟರ್ ಇತ್ತು, ಅದನ್ನೇ ಆಗ ತೆಳುವೆಂದು ಕೊಂಡಾಡಿದ್ದೆವು. 2025ರಲ್ಲಿ ಬಂದ ಗ್ಯಾಲಕ್ಸಿ ಎಸ್25 ಎಡ್ಜ್ 5.8 ಮಿಲಿಮೀಟರ್, ಐಫೋನ್ ಏರ್ 5.6. ಇದು ಸಣ್ಣ ಸಾಧನೆಯಲ್ಲ. ಆದರೆ ಲೆಕ್ಕ ನೋಡಿ: ಎಡ್ಜ್‌ನಲ್ಲಿ 3900 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಬ್ಯಾಟರಿ, ಏರ್‌ನಲ್ಲಿ 3149. ಎಂಟು ಮಿಲಿಮೀಟರ್ ದಪ್ಪದ ಸಾಧಾರಣ ಬೆಲೆಯ ಫೋನಿನಲ್ಲೂ 5000 ಸಿಗುತ್ತದೆ. ದಿನವಿಡೀ ವಿಡಿಯೋ ನೋಡುವವರು ಚಿಕ್ಕ ಬ್ಯಾಟರಿಯನ್ನು ದಿನಕ್ಕೆ ಎರಡು ಸಲ ತುಂಬುತ್ತಾರೆ. ತುಂಬಿ ಬರಿದಾಗುವ ಸುತ್ತುಗಳಿಗೆ ಒಂದು ಮಿತಿಯಿದೆ. ದೊಡ್ಡ ಬ್ಯಾಟರಿ ಮೂರು ವರ್ಷದಲ್ಲಿ ಸವೆಯುವಷ್ಟನ್ನು ಇದು ಒಂದೂವರೆ ವರ್ಷದಲ್ಲೇ ಸವೆದಿರುತ್ತದೆ. ಉಬ್ಬಲು ಒಳಗೆ ಜಾಗವೂ ಕಡಿಮೆ, ಹೀಗಾಗಿ ಸ್ವಲ್ಪವೇ ಉಬ್ಬಿದರೂ ಹೊರಗೆ ಕಾಣುತ್ತದೆ. ಬಹಳಷ್ಟು ಕಂಪನಿಗಳ ಕೈಪಿಡಿಯಲ್ಲಿ ಫೋನನ್ನು 0ಯಿಂದ 35 ಡಿಗ್ರಿಯೊಳಗೆ ಬಳಸಿ ಎಂದಿರುತ್ತದೆ. ನಮ್ಮೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ 40 ದಾಟುತ್ತದೆ. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನು, ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲಿನ ಫೋನು ಎಷ್ಟು ಕಾದಿರುತ್ತದೆಂದು ನೀವೇ ಮುಟ್ಟಿ ನೋಡಿ. ಹೊಲದಲ್ಲಿ, ಗಾಡಿಯ ಮೇಲೆ, ಶೆಡ್ಡಿನಲ್ಲಿ ದುಡಿಯುವವರು ದಪ್ಪ ಫೋನ್ ಕೊಳ್ಳಿ ಎಂದು ನಾನು ಕೇಳದೆಯೂ ಹೇಳುತ್ತೇನೆ.

ಗಮ್ಮಿನ ಹಟದ ಹಿಂದೆ ಇನ್ನೊಂದು ಭಯವಿದೆ. ಅದು ನನಗೆ ತಿಳಿದದ್ದು ಬಸವನ ಬಾಗೇವಾಡಿ ತಾಲ್ಲೂಕಿನ ಒಬ್ಬ ನಿವೃತ್ತ ಮಾಸ್ತರರಿಂದ. ಪುಣೆಯಲ್ಲಿರುವ ಮಗ ಕೊಡಿಸಿದ ಫೋನು, ಮೆಮೊರಿ ಕಾರ್ಡ್ ಹಾಕಲು ಜಾಗವಿಲ್ಲದ್ದು. ಅದರೊಳಗೆ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳು, ನೂರಾರು. 2023ರ ಜನವರಿ 2ರಂದು ಸ್ವಾಮೀಜಿ ತೀರಿಕೊಂಡ ಮೇಲೆ ಊರೂರಿನವರಿಂದ ಕೇಳಿ ಪಡೆದು ಕೂಡಿಟ್ಟದ್ದು. ರಾತ್ರಿಯಿಡೀ ಚಾರ್ಜಿಗೆ ಹಾಕಿ ದಿಂಬಿನ ಕೆಳಗಿಟ್ಟು, ನಸುಕಿನ ನಾಲ್ಕಕ್ಕೆ ಎದ್ದು ಕೇಳುತ್ತಾರೆ. ಡಿಸ್‌ಪ್ಲೇ ಒಂದು ಬದಿ ಪೂರ್ತಿ ಎದ್ದಿತ್ತು. ಬ್ಯಾಟರಿ ಬದಲಿಸಬೇಕು ಎಂದೆ. ಫೋನನ್ನು ನನ್ನ ಕೈಯಿಂದ ಮೆಲ್ಲನೆ ವಾಪಸು ತೆಗೆದುಕೊಂಡರು. ಎರಡು ಸಲ ಬಂದು ಎರಡು ಸಲವೂ ಹಾಗೆಯೇ ಹೋದರು. ಮೂರನೆಯ ಸಲ ಕೇಳಿದರು: "ಬ್ಯಾಟರಿ ತೆಗೆದರೆ ಒಳಗಿದ್ದದ್ದು ಅಳಿಸಿಹೋಗುತ್ತದೆಯಲ್ಲವೇ?"

ಅಳಿಸುವುದಿಲ್ಲ. ಫೋಟೋ, ಹಾಡು, ಪ್ರವಚನ ಎಲ್ಲವೂ ಬೋರ್ಡಿನ ಮೇಲಿನ ಬೇರೆಯದೇ ಚಿಪ್ಪಿನಲ್ಲಿರುತ್ತವೆ. ಕರೆಂಟು ಇಲ್ಲದಿದ್ದರೂ ಅಲ್ಲೇ ಇರುತ್ತವೆ. ಇಷ್ಟನ್ನು ಮೊದಲ ದಿನವೇ ಹೇಳದೆ ಹೋದದ್ದಕ್ಕೆ ನನಗೆ ಇಂದಿಗೂ ಬೇಸರವಿದೆ. ಬಿಚ್ಚುವಾಗ ಕೇಬಲ್ ಹರಿಯುವ ಸಂಭವ ಇದ್ದೇ ಇರುತ್ತದೆ, ಹಾಗಾಗಿ ಮೊದಲು ಪ್ರತಿ ತೆಗೆಯುವುದು ರೂಢಿ. ಅವರ ಎದುರಿಗೇ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಇಳಿಸಿ ಅವರ ಜೇಬಿಗೆ ಹಾಕಿದೆ. ಆಮೇಲೆ ಫೋನನ್ನು ಸ್ವಿಚ್ ಆಫ್ ಮಾಡಿ, ಅಂಚಿಗೆ ಹದವಾದ ಬಿಸಿ ಕೊಟ್ಟು, ತೆಳುವಾದ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಬಿಡಿಸಿದೆ. ಬ್ಯಾಟರಿಯ ಕೆಳಗಿನ ಅಂಟಿಗೆ ನಾಲ್ಕು ಹನಿ ಸ್ಪಿರಿಟ್ ಬಿಟ್ಟು, ಲೋಹದ ಉಪಕರಣ ತಾಗಿಸದೆ, ಬಾಗಿಸದೆ, ದಾರ ಎಳೆದು ಬಿಡಿಸಿಕೊಂಡೆ. ತಲೆದಿಂಬಿನಂತೆ ದುಂಡಗಾಗಿತ್ತು. ಮಾಸ್ತರರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇದನ್ನು ತಲೆಯ ಕೆಳಗಿಟ್ಟು ಮಲಗಿದ್ದೆನೇ?" ಎಂದರು. ಅದನ್ನು ಮರಳಿನ ಡಬ್ಬಿಗೆ ಹಾಕಿ, ಹೊಸದನ್ನು ಕೂಡಿಸಿ, ಆಗ ಗಮ್ ಹಚ್ಚಿದೆ. ಫೋನ್ ಆನ್ ಆದ ಮೇಲೆ ಅವರು ನಸುಕಿನಲ್ಲಿ ನಿಲ್ಲಿಸಿದ್ದ ಕಡೆಯಿಂದಲೇ ಪ್ರವಚನ ಶುರು ಮಾಡಿ, ಬೆಂಚಿನ ಮೇಲೆ ಕುಳಿತು ಕಾಲು ಗಂಟೆ ಕೇಳಿ ಎದ್ದು ಹೋದರು.

ಬದಲಿ ಬ್ಯಾಟರಿಯ ಮೇಲೆ ಐಎಸ್ 16046 ಎಂಬ, ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನದಂಡದ ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿ ನೋಡಿಕೊಳ್ಳಿ. ಗುರುತನ್ನೂ ನಕಲು ಮಾಡುವವರಿದ್ದಾರೆ, ಆದ್ದರಿಂದ ಅದೊಂದನ್ನೇ ನಂಬಬೇಡಿ. ನಾಲ್ಕು ಸಾವಿರ ಎಂಎಎಚ್‌ನ ಜಾಗದಲ್ಲಿ ಕೂರುವ ಚೀಲದ ಮೇಲೆ ಆರು ಸಾವಿರ ಎಂದು ಅಚ್ಚಾಗಿದ್ದರೆ ಅಲ್ಲಿಂದ ಎದ್ದು ಬನ್ನಿ. ತೆಗೆದ ಹಳೆಯ ಬ್ಯಾಟರಿ ಕಸದ ಗಾಡಿಗೆ ಹೋಗಕೂಡದು, ಅದಕ್ಕೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳೇ ಇವೆ. ಅಂಗಡಿಯವರಿಗೇ ಬಿಟ್ಟು ಹೋಗಿ.

ನಿಮ್ಮ ಫೋನ್ ಹೇಗಿದೆ ಎಂದು ತಿಳಿಯಲು ಗಾಜಿನ ಮೇಲೆ ತಿರುಗಿಸುವ ಹಳೆಯ ಪರೀಕ್ಷೆ ಈಗ ನಡೆಯದು, ಕ್ಯಾಮೆರಾ ಉಬ್ಬಿ ನಿಂತಿರುತ್ತದೆ. ಮಕ್ಕಳ ಕಂಪಾಸಿನ ಸ್ಕೇಲನ್ನು ಅದರದೇ ಅಂಚಿನ ಮೇಲೆ ನಿಲ್ಲಿಸಿ ಪರದೆಗೆ ಅಡ್ಡಲಾಗಿ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ತಾಗಿ ಎರಡು ಬದಿಯಲ್ಲಿ ಬೆಳಕು ಕಂಡರೆ ಅನುಮಾನಪಡಿ. ಪರದೆಯೇ ಬಾಗಿದ ವಿನ್ಯಾಸದ್ದಾದರೆ ಈ ಲೆಕ್ಕ ಹಿಡಿಯಬೇಡಿ. ಎದ್ದಿದೆ ಎನಿಸಿದರೆ ಚಾರ್ಜಿಗೆ ಹಾಕಬೇಡಿ, ಸ್ವಿಚ್ ಆಫ್ ಮಾಡಿ, ಹಾಸಿಗೆಯ ಮೇಲಲ್ಲ, ಕಲ್ಲು ಹಾಸಿನ ಮೇಲೆ ಇಡಿ. ತರುವಾಗ ಪ್ಯಾಂಟಿನ ಜೇಬಿನಲ್ಲಿಟ್ಟು ಬೈಕ್ ಹತ್ತಬೇಡಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳವನ್ನು ಸಡಿಲವಾಗಿ ಮುಚ್ಚಿ ತನ್ನಿ. ರಬ್ಬರ್ ಬ್ಯಾಂಡನ್ನು ಮನೆಯಲ್ಲೇ ಬಿಚ್ಚಿಡಿ.